ಕಣದ ನಡುವೆ ಗೋಡೆ: ಇಂಗ್ಲೆಂಡಿನ ಹಳೆಯ ಬಾರ್ನ್‌ಗಳು ಮನೆಗಳಾಗುವಾಗ

2024ರ ಮೇ 21ರಂದು ಇಂಗ್ಲೆಂಡಿನಲ್ಲಿ ಒಂದು ಯೋಜನಾ ನಿಯಮ ಬದಲಾಯಿತು. ಕೃಷಿ ಕಟ್ಟಡವನ್ನು ಪೂರ್ಣ ಪ್ರಮಾಣದ ಅನುಮತಿಯಿಲ್ಲದೆ ಮನೆಯಾಗಿಸಲು ಅವಕಾಶ ಕೊಡುವ ಈ ನಿಯಮಕ್ಕೆ ಅಲ್ಲಿ 'ಕ್ಲಾಸ್ ಕ್ಯೂ' ಎನ್ನುತ್ತಾರೆ. 2014ರಲ್ಲಿ ಬಂದದ್ದು. ಒಂದು ಫಾರ್ಮಿನಲ್ಲಿ ಹೆಚ್ಚೆಂದರೆ ಐದು ಮನೆ ಎಂದಿದ್ದ ಮಿತಿ ಈಗ ಹತ್ತಕ್ಕೆ ಏರಿದೆ; ಒಟ್ಟು ವಿಸ್ತೀರ್ಣ 1,000 ಚದರ ಮೀಟರ್‌ವರೆಗೆ ಹೋಗಬಹುದು. ಹಳೆಯ ಕಟ್ಟಡಗಳ ಮಟ್ಟಿಗೆ ಇವೆರಡಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿದೆ: ಯಾವ ಮನೆಯೂ 150 ಚದರ ಮೀಟರ್ ಮೀರುವಂತಿಲ್ಲ. ಹಿಂದೆ 465 ಚದರ ಮೀಟರ್‌ವರೆಗೆ ಒಂದೇ ಮನೆ ಮಾಡಬಹುದಿತ್ತು.

ಇದರಿಂದ ಏನಾಗುತ್ತದೆಂದು ಲೆಕ್ಕ ಹಾಕಿ ನೋಡೋಣ. ಬಾರ್ನ್ ಎಂದರೆ ಫಸಲನ್ನು ಒಟ್ಟಿ ಒಕ್ಕುತ್ತಿದ್ದ ದೊಡ್ಡ ಕೃಷಿ ಕಟ್ಟಡ; ಅದರ ಎರಡು ಕಂಬಸಾಲುಗಳ ನಡುವಿನ ಜಾಗ ಒಂದು ಅಂಕಣ. ಐದು ಅಂಕಣದ ಸಾಧಾರಣ ಬಾರ್ನ್ ಒಂದನ್ನು ತೆಗೆದುಕೊಳ್ಳಿ. ಅಂಕಣಕ್ಕೆ 4.8 ಮೀಟರ್‌ನಂತೆ ಉದ್ದ 24 ಮೀಟರ್, ಅಗಲ 7 ಮೀಟರ್. ನೆಲವೇ 168 ಚದರ ಮೀಟರ್ ಆಯಿತು. ಅಟ್ಟ ಹಾಕದೆ, ನೆಲದಿಂದ ಮಾಡಿನ ನೆತ್ತಿಯವರೆಗೆ ತೆರೆದೇ ಇಟ್ಟು ಒಂದೇ ಸಂಸಾರದ ಮನೆ ಮಾಡಿದರೂ ಮಿತಿ ದಾಟಿತು. ಉಳಿದದ್ದು ಎರಡು ದಾರಿ: ಒಂದಷ್ಟು ಭಾಗವನ್ನು ಹಾಗೆಯೇ ಬಿಡುವುದು, ಇಲ್ಲವೇ ಎರಡು ಮನೆಯಾಗಿ ಸೀಳುವುದು. ಹಣದ ಲೆಕ್ಕ ಎರಡನೆಯ ದಾರಿಗೇ ನೂಕುತ್ತದೆ. ಸೀಳಿದಾಗ ಬೆಂಕಿಯನ್ನೂ ಸದ್ದನ್ನೂ ತಡೆಯುವ ಗೋಡೆಯೊಂದು ನೆಲದಿಂದ ಮಾಡಿನವರೆಗೆ ಏಳಬೇಕು. ಐದು ಅಂಕಣವನ್ನು ಎರಡು ಪಾಲು ಮಾಡಿದರೆ ಆ ಗೋಡೆ ಬಂದು ನಿಲ್ಲುವುದು ನಡು ಅಂಕಣದಲ್ಲಿ ಅಥವಾ ಅದರ ಅಂಚಿನಲ್ಲಿ. ನಡು ಅಂಕಣವೆಂದರೆ ಕಣ. ಬಾರ್ನ್ ಹುಟ್ಟಿದ್ದೇ ಆ ಅಂಕಣಕ್ಕಾಗಿ.

ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡಗಳಿಗೆ, ರಾಷ್ಟ್ರೀಯ ಉದ್ಯಾನಗಳಿಗೆ, ಸಂರಕ್ಷಣಾ ವಲಯಗಳಿಗೆ ಕ್ಲಾಸ್ ಕ್ಯೂ ಅನ್ವಯಿಸುವುದಿಲ್ಲ. 1700ಕ್ಕಿಂತ ಹಿಂದಿನ, ಮೂಲ ರೂಪ ಬಹುಮಟ್ಟಿಗೆ ಉಳಿದಿರುವ ಕಟ್ಟಡಗಳು ಸಾಮಾನ್ಯವಾಗಿ ಪಟ್ಟಿಗೆ ಸೇರುತ್ತವೆ. ಪಟ್ಟಿಯಲ್ಲಿರುವ ಫಾರ್ಮ್ ಮನೆಯ ಅಂಗಳಕ್ಕೆ ಸೇರಿದ, 1948ರ ಜುಲೈ 1ಕ್ಕೆ ಮುಂಚಿನ ಕಟ್ಟಡಗಳಿಗೂ ಅದೇ ರಕ್ಷಣೆ ಸಿಗಬಹುದು. ಹಾಗಾಗಿ ಪೆಟ್ಟು ಬೀಳುವುದು ಹದಿನೆಂಟು, ಹತ್ತೊಂಬತ್ತನೆಯ ಶತಮಾನದ ಸಾಮಾನ್ಯ ಬಾರ್ನ್‌ಗಳಿಗೆ. ಒಂದೊಂದನ್ನೇ ನೋಡಿದರೆ ಅವು ದೊಡ್ಡ ಸ್ಮಾರಕಗಳಲ್ಲ. ಒಂದು ಸೀಮೆಯ ಕಲ್ಲು, ಮರ, ಮಣ್ಣು, ಬೇಸಾಯ ಎಲ್ಲವೂ ಕೂಡಿ ಕಾಣುವುದು ಮಾತ್ರ ಇವುಗಳಲ್ಲೇ.

ಮಳೆಯ ನಾಡಿನ ಕಣ

ನಮ್ಮಲ್ಲಿ ಕಣ ಬಯಲಲ್ಲಿ. ಸುಗ್ಗಿಯ ಹೊತ್ತಿಗೆ ಮಳೆ ಹಿಂದಾಗಿರುತ್ತದೆ; ಸಗಣಿ ಸಾರಿಸಿದ ನೆಲದ ಮೇಲೆ ರೋಣಗಲ್ಲು ಹೊಡೆದು, ಗಾಳಿ ಬಂದಾಗ ತೂರಿ, ರಾಶಿ ಮಾಡಿ ಮುಗಿಸಬಹುದು. ಇಂಗ್ಲೆಂಡಿನಲ್ಲಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಕೊಯ್ದ ಗೋಧಿ, ಬಾರ್ಲಿಯನ್ನೆಲ್ಲ ಬಯಲಲ್ಲೇ ಬಡಿದು ಮುಗಿಸುವಷ್ಟು ಒಣ ದಿನಗಳನ್ನು ನಂಬುವಂತಿರಲಿಲ್ಲ. ಸಿವುಡುಗಳನ್ನು ತೆನೆ ಸಮೇತ ಸೂರಿನಡಿ ಒಟ್ಟಿ, ಚಳಿಗಾಲವಿಡೀ ಬೇಕಾದಷ್ಟೇ ಬಡಿಯುತ್ತಿದ್ದರು. ಎರಡು ಕೋಲುಗಳನ್ನು ಚರ್ಮದ ಪಟ್ಟಿಯಿಂದ ಜೋಡಿಸಿದ ಬಡಿಗೋಲು ಇದರ ಸಲಕರಣೆ. ತಲೆಯ ಮೇಲೆ ಎತ್ತಿ ಬೀಸಬೇಕಾದ್ದರಿಂದ ಕಣದ ಮೇಲೆ ಅಟ್ಟವಿಲ್ಲ, ಎತ್ತರ ಪೂರ್ತಿ ಖಾಲಿ.

ಕಣದ ಎರಡು ಬದಿಗೂ ಎದುರುಬದುರು ದೊಡ್ಡ ಬಾಗಿಲು. ಒಂದು ಕಡೆಯದು ಸಿವುಡು ಹೇರಿದ ಗಾಡಿ ಒಳಬರುವಷ್ಟು ಎತ್ತರ. ಎದುರಿನದು ಎಷ್ಟೋ ಬಾರ್ನ್‌ಗಳಲ್ಲಿ ಗಿಡ್ಡ, ಏಕೆಂದರೆ ಗಾಡಿ ಬರಿದಾಗಿ ಹೊರಹೋಗುವುದು ಆ ಕಡೆಯಿಂದ. ಎರಡೂ ತೆರೆದರೆ ಗಾಳಿ ಅಡ್ಡಹಾಯ್ದು ತೂರುವಾಗ ಹೊಟ್ಟು ಹಾರಿಹೋಗುತ್ತದೆ. ಬಾಗಿಲಿನ ಬುಡಕ್ಕೆ ತೆಗೆದು ಹಾಕಬಹುದಾದ ಹಲಗೆ ಇರುತ್ತಿತ್ತು. ಬಡಿಯುವಾಗ ಕಾಳು ಹೊರಗೆ ಸಿಡಿಯದಂತೆ, ಕೋಳಿ, ಹಂದಿ ಒಳಗೆ ನುಗ್ಗದಂತೆ. ಕಣದ ಒಂದು ಪಕ್ಕದ ಅಂಕಣಗಳಲ್ಲಿ ಬಡಿಯದ ಸಿವುಡು, ಇನ್ನೊಂದು ಪಕ್ಕದಲ್ಲಿ ಬಡಿದ ಹುಲ್ಲು. ಕಿಟಕಿ ಇಲ್ಲ. ಗೋಡೆಯಲ್ಲಿ ಕಿರಿದಾದ ಸೀಳುಗಂಡಿಗಳಿವೆ: ಹೊರಗೆ ಇಕ್ಕಟ್ಟು, ಒಳಗೆ ಅಗಲ, ಮಳೆ ತಡೆದು ಗಾಳಿಯನ್ನು ಮಾತ್ರ ಬಿಡುವಂಥವು. ತ್ರಿಕೋನ ಗೋಡೆಯ ಮೇಲ್ತುದಿಯಲ್ಲಿ ಗೂಬೆಗೊಂದು ಕಿಂಡಿ ಬಿಡುತ್ತಿದ್ದರು, ಇಲಿ ಹಿಡಿಯಲೆಂದು.

ಈ ನಕ್ಷೆ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ ಹದಿಮೂರನೆಯ ಶತಮಾನದಿಂದ ಹತ್ತೊಂಬತ್ತರವರೆಗೆ ಮೂಲದಲ್ಲಿ ಬದಲಾಗಲೇ ಇಲ್ಲ. ಎಸೆಕ್ಸಿನ ಕ್ರೆಸಿಂಗ್ ಟೆಂಪಲ್‌ನಲ್ಲಿ ಟೆಂಪ್ಲರ್ ಯೋಧಸನ್ಯಾಸಿಗಳು ಕಟ್ಟಿಸಿದ ಬಾರ್ಲಿ ಬಾರ್ನ್, ಗೋಧಿ ಬಾರ್ನ್ ಎರಡೂ ಹದಿಮೂರನೆಯ ಶತಮಾನದವು. ಆಕ್ಸ್‌ಫರ್ಡ್‌ಶೈರಿನ ಗ್ರೇಟ್ ಕಾಕ್ಸ್‌ವೆಲ್ ಬಾರ್ನ್ ಬ್ಯೂಲಿ ಮಠದ್ದು, 1290ರ ದಶಕದ ಆಸುಪಾಸಿನದು. ಉದ್ದ 152 ಅಡಿ, ಮಾಡಿಗೆ ಆಧಾರವಾದ ಓಕ್ ಕಂಬಗಳು ಎತ್ತರದ ಕಲ್ಲಿನ ಪೀಠಗಳ ಮೇಲೆ ನಿಂತಿವೆ. ಲಂಡನ್ನಿನ ಪಶ್ಚಿಮ ಅಂಚಿನ ಹಾರ್ಮಂಡ್ಸ್‌ವರ್ತ್ ಬಾರ್ನನ್ನು ವಿಂಚೆಸ್ಟರ್ ಕಾಲೇಜು 1426–27ರಲ್ಲಿ ಕಟ್ಟಿಸಿತು: ಹನ್ನೆರಡು ಅಂಕಣ, 192 ಅಡಿ ಉದ್ದ. ಕವಿ ಜಾನ್ ಬೆಚಮನ್ ಇದನ್ನು ಮಿಡ್ಲ್‌ಸೆಕ್ಸಿನ ಕೆಥೆಡ್ರಲ್ ಎಂದು ಕರೆದರು. ಇಂಥ ದೊಡ್ಡ ಬಾರ್ನ್‌ಗಳನ್ನೆಲ್ಲ 'ಟೈಥ್ ಬಾರ್ನ್' ಎನ್ನುವ ರೂಢಿಯಿದೆ. ಟೈಥ್ ಎಂದರೆ ಇಗರ್ಜಿಗೆ ಸಲ್ಲಬೇಕಿದ್ದ ಫಸಲಿನ ಹತ್ತನೆಯ ಒಂದು ಪಾಲು. ಆದರೆ ಇವುಗಳಲ್ಲಿ ಎಷ್ಟೋ ಮಠಗಳ ಸ್ವಂತ ಜಮೀನಿನ ಬೆಳೆ ಇಡಲು ಕಟ್ಟಿದಂಥವು.

ಮರದ ಚೌಕಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಮುಂದಿನ ತೊಂದರೆಗಳಿಗೆಲ್ಲ ಅದೇ ಬುಡ. ಓಕ್ ಮರವನ್ನು ಹಸಿಯಾಗಿರುವಾಗಲೇ ಕೆತ್ತುತ್ತಿದ್ದರು, ಒಣಗಿದ ಮೇಲೆ ಉಳಿಗೆ ಬಗ್ಗದು. ಬಡಗಿಯ ಅಂಗಳದಲ್ಲಿ ನೆಲದ ಮೇಲೆ ಜೋಡಿಸಿ, ರೋಮನ್ ಅಂಕಿಗಳ ಗುರುತು ಕೊರೆದು, ಬಿಚ್ಚಿ ತಂದು ಸ್ಥಳದಲ್ಲಿ ನಿಲ್ಲಿಸುವುದು ಕ್ರಮ. ಆ ಗುರುತುಗಳು ಇಂದಿಗೂ ಕಾಣಸಿಗುತ್ತವೆ. ಕೀಲುಗಳಿಗೆ ಮೊಳೆಯಿಲ್ಲ, ಓಕ್ ಗೂಟ. ಇನ್ನೊಂದು ಮರದೊಳಗೆ ಕೂರುವ ನಾಲಿಗೆಯ ತೂತನ್ನು ಕೊಂಚ ಒಳಗೆ ಸರಿಸಿ ಕೊರೆಯುವುದರಿಂದ ಗೂಟ ಬಡಿದಂತೆ ಕೀಲು ತಾನಾಗಿ ಬಿಗಿಯುತ್ತದೆ. ಕಂಬದ ತಲೆಯಲ್ಲಿ ಮೂರು ಮರ ಒಟ್ಟಿಗೆ ಸೇರುತ್ತವೆ: ಕಂಬ, ಗೋಡೆಯ ಉದ್ದಕ್ಕೆ ಹೋಗುವ ತೊಲೆ, ಒಂದು ಗೋಡೆಯಿಂದ ಇನ್ನೊಂದಕ್ಕೆ ಹಾಯುವ ಅಡ್ಡತೊಲೆ. ಮಾಡಿನ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಅಡ್ಡತೊಲೆ ಅವನ್ನು ಹಿಡಿದು ನಿಲ್ಲಿಸುತ್ತದೆ. ವುಸ್ಟರ್‌ಶೈರಿನ ಲೀ ಕೋರ್ಟ್ ಬಾರ್ನಿನಂಥ ಕಟ್ಟಡಗಳಲ್ಲಿ ಬೇರೆ ವಿಧಾನ: ಬಾಗಿದ ಮರದ ಜೋಡಿ ನೆಲದ ಹತ್ತಿರದಿಂದ ಮಾಡಿನ ನೆತ್ತಿಗೆ ಏರಿ ಕೂಡುತ್ತದೆ. ಆ ರಚನೆಯಲ್ಲಿ ಗೋಡೆಗೆ ಮಾಡಿನ ಭಾರವೇ ಇಲ್ಲವೆನ್ನಬಹುದು.

ಬಾರ್ನ್ ಒಂಟಿಯಲ್ಲ. ಅಂಗಳದ ಉತ್ತರಕ್ಕೆ ಬಾರ್ನ್ ನಿಂತು ಚಳಿಗಾಳಿ ತಡೆದರೆ, ಅದರ ಮುಂದೆ ದಕ್ಷಿಣದ ಬಿಸಿಲಿಗೆ ದನಗಳ ಅಂಗಳ. ಬಾರ್ನಿನ ಹುಲ್ಲು ದನದ ಕಾಲಡಿ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಗಾಡಿಮನೆ ಮಾತ್ರ ಅಂಗಳಕ್ಕೆ ಬೆನ್ನು ಹಾಕಿ, ರಸ್ತೆಯ ಕಡೆಗೆ, ಹೆಚ್ಚಾಗಿ ಉತ್ತರಕ್ಕೋ ಪೂರ್ವಕ್ಕೋ ತೆರೆದಿರುತ್ತದೆ. ಬಿಸಿಲು ಬಿದ್ದರೆ ಗಾಡಿಯ ಮರ ಒಣಗಿ ಸೀಳುತ್ತದೆ. ಅದರ ಮೇಲಿನ ಅಂತಸ್ತು ಕಣಜ. ಪ್ರತ್ಯೇಕ ಕಣಜ ಕಟ್ಟಿದರೆ ಅಣಬೆಯಾಕಾರದ ಸ್ಟ್ಯಾಡ್ಲ್ ಕಲ್ಲುಗಳ ಮೇಲೆ: ಇಲಿ ಕಾಂಡ ಹತ್ತಿದರೂ ಮೇಲಿನ ಕೊಡೆಯನ್ನು ದಾಟಲಾರದು. ಇಂದು ಆ ಕಲ್ಲುಗಳು ಉದ್ಯಾನದ ಅಲಂಕಾರಕ್ಕೆ ಮಾರಾಟವಾಗುತ್ತಿರುವುದನ್ನು ನೋಡಿದರೆ ನೋವಾಗುತ್ತದೆ. ಪ್ರತಿ ಕಲ್ಲಿನ ಹಿಂದೆಯೂ ಬಿಚ್ಚಿಹೋದ ಒಂದು ಕಣಜವಿದೆ.

ಮೊದಲು ಕೊಳೆಯುವುದು ಎಲ್ಲಿ

ಹಳೆಯ ಕೃಷಿ ಕಟ್ಟಡವನ್ನು ಕೊಲ್ಲುವುದು ವಯಸ್ಸಲ್ಲ, ನೀರು. ಅದು ಎಲ್ಲಿಂದ ಬರುತ್ತದೆ, ಹೊರಗೆ ಹೋಗಲು ದಾರಿಯಿದೆಯೇ ಎಂಬುದು ಪ್ರಶ್ನೆ.

ಮರದ ಬಾರ್ನ್‌ಗಳಲ್ಲಿ ಮೊದಲು ಹೋಗುವುದು ಬುಡದ ಅಡಿಮರ. ಇಟ್ಟಿಗೆ ಅಥವಾ ಕಲ್ಲಿನ ಗಿಡ್ಡ ಗೋಡೆಯ ಮೇಲೆ ಮಲಗಿಸಿದ ಈ ಮರದ ಮೇಲೆ ಕಂಬಗಳೆಲ್ಲ ನಿಂತಿರುತ್ತವೆ. ನೂರು ವರ್ಷಗಳ ಗೊಬ್ಬರ, ಮಣ್ಣು, ಕೊನೆಗೆ ಕಾಂಕ್ರೀಟ್ ಸೇರಿ ಅಂಗಳದ ಮಟ್ಟ ಏರುತ್ತ ಬಂದು ಅಡಿಮರವನ್ನೇ ಮುಚ್ಚಿಬಿಡುತ್ತದೆ. ಮರ ಕೊಳೆತು ಕಂಬ ಕುಸಿಯುತ್ತದೆ, ಮೇಲಿನ ಕೀಲು ಬಿಚ್ಚಿಕೊಳ್ಳುತ್ತದೆ. ಮರ ಕೊರೆಯುವ ಡೆತ್‌ವಾಚ್ ಹುಳು ಬರುವುದೂ ಇಂಥ ತೇವದ ಓಕಿಗೇ. ಒಣಮರದಲ್ಲಿ ಅದು ನೆಲೆಯೂರುವುದು ಕಷ್ಟ. ಹಾಗಾಗಿ ಔಷಧಿ ಹೊಡೆಯುವ ಮೊದಲು ಮಣ್ಣು ತೆಗೆಯಬೇಕು. ಅಡಿಮರಕ್ಕಿಂತ ನೆಲ ಕನಿಷ್ಠ 150 ಮಿಲಿಮೀಟರ್ ಕೆಳಗಿರಲಿ, ನೀರು ಗೋಡೆಯಿಂದ ಹೊರಕ್ಕೆ ಹರಿಯಲಿ. ಕಂಬದ ಬುಡ ಕೊಳೆತಿದ್ದರೆ ಇಡೀ ಕಂಬ ಬದಲಿಸುವ ಅಗತ್ಯವಿಲ್ಲ. ಗಟ್ಟಿ ಮರ ಸಿಗುವಷ್ಟು ಎತ್ತರಕ್ಕೆ ಕತ್ತರಿಸಿ, ಓರೆಯಾಗಿ ಬೆಸೆಯುವ ಕೀಲಿನಿಂದ ಹೊಸ ಓಕ್ ತುಂಡು ಸೇರಿಸಿದರೆ ಸಾಕು.

ಕಲ್ಲಿನ ಬಾರ್ನ್‌ಗಳಲ್ಲಿ ಶತ್ರು ಸಿಮೆಂಟು. ಹಳೆಯ ಗೋಡೆ ಎರಡು ಪದರದ್ದು. ನಡುವೆ ಚೂರುಕಲ್ಲು, ಮಣ್ಣು ಅಥವಾ ಸುಣ್ಣದ ಗಾರೆ. ಎರಡು ಪದರಗಳನ್ನು ಕಟ್ಟಿಹಾಕಲು ಅಲ್ಲಲ್ಲಿ ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಕಲ್ಲು. ಮಳೆ ನೀರು ಒಂದಿಷ್ಟು ಒಳಹೋಗಿ, ಸಂದುಗಳ ಮೆತ್ತನೆಯ ಗಾರೆಯ ಮೂಲಕ ಆವಿಯಾಗಿ ಹೊರಬರುತ್ತದೆ. ಸಂದುಗಳಿಗೆ ಸಿಮೆಂಟು ಮೆತ್ತಿದರೆ ಆ ದಾರಿ ಮುಚ್ಚಿತು. ನೀರು ಕಲ್ಲಿನ ಮುಖದಿಂದಲೇ ಹೊರಡಬೇಕು. ಹಿಮಗಟ್ಟಿದಾಗ ಮುಖವೇ ಪದರ ಪದರವಾಗಿ ಉದುರುತ್ತದೆ. ಕೆಲವು ವರ್ಷಗಳಲ್ಲಿ ಸಿಮೆಂಟಿನ ಗೆರೆ ಮುಂದೆ ಚಾಚಿ, ಕಲ್ಲು ಹಿಂದೆ ಸರಿದ ಗೋಡೆ ಕಾಣುತ್ತದೆ. ಸರಿಯಾದ ಕ್ರಮ: ಹಳೆಯ ಸಿಮೆಂಟನ್ನು ಕೈ ಉಳಿಯಿಂದ, ಕಲ್ಲಿನ ಅಂಚು ಒಡೆಯದಂತೆ ಬಿಡಿಸಿ, ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ದಪ್ಪ-ಸಣ್ಣ ಬೆರೆತ ಮರಳಿನ ಗಾರೆ ತುಂಬುವುದು. ಸಂದನ್ನು ಮೊದಲು ನೆನೆಸಬೇಕು, ತುಂಬಿದ ಮೇಲೆ ಒದ್ದೆ ಗೋಣಿತಾಟು ಹೊದಿಸಬೇಕು. ಉಷ್ಣಾಂಶ 5 ಡಿಗ್ರಿಗಿಂತ ಇಳಿಯುವ ದಿನಗಳಲ್ಲಿ ಕೆಲಸಕ್ಕೆ ಕೈ ಹಾಕಬಾರದು. ಅವಸರದಲ್ಲಿ ಒಣಗಿದ ಗಾರೆ ಪುಡಿಯಾಗುತ್ತದೆ, ಹಿಮ ಬಿದ್ದ ಹಸಿ ಗಾರೆ ಮಾರ್ಚ್ ತಿಂಗಳಿಗೆ ಕೈಯಲ್ಲಿ ಬರುತ್ತದೆ. ಸುಣ್ಣ ಕೈಕೊಟ್ಟಿತೆಂಬ ದೂರುಗಳಲ್ಲಿ ಬಹುಪಾಲು ಕ್ಯಾಲೆಂಡರಿನ ತಪ್ಪು.

ಡೆವನ್ ಸೀಮೆಯಲ್ಲಿ ಹುಲ್ಲು ಬೆರೆಸಿದ ಮಣ್ಣಿನ ದಪ್ಪ ಗೋಡೆ. ಅಲ್ಲಿ ಇದನ್ನು ಕಾಬ್ ಎನ್ನುತ್ತಾರೆ. ಅದಕ್ಕೆ ಒಳ್ಳೆಯ ಟೋಪಿ, ಒಳ್ಳೆಯ ಬೂಟು ಇದ್ದರೆ ಸಾಕೆಂಬುದು ಆ ಕಡೆಯ ನಾಣ್ಣುಡಿ: ಮೇಲೆ ಚಾಚಿದ ಸೂರು, ಕೆಳಗೆ ಕಲ್ಲಿನ ಬುಡ. ಸಿಮೆಂಟು ಗಿಲಾವು ಬಳಿದರೆ ಬಿರುಕಿನಿಂದ ಹೊಕ್ಕ ನೀರು ಹಿಂದೆ ಸಿಕ್ಕಿಬೀಳುತ್ತದೆ. ಹೊರಗೆ ಗೋಡೆ ಚೆನ್ನಾಗಿಯೇ ಕಾಣುತ್ತಿರುತ್ತದೆ, ಒಳಗೆ ಬುಡ ಕೆಸರಾಗಿ ಒಂದು ದಿನ ದೊಡ್ಡ ತುಂಡೇ ಕುಸಿಯುತ್ತದೆ. ಮಣ್ಣಿನ ಮನೆಗಳ ನಡುವೆ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಾಡಿನದು ಬೇರೆಯೇ ಖರ್ಚು. ಕಾಟ್ಸ್‌ವೋಲ್ಡ್ಸ್ ಮತ್ತು ಪೆನ್ನೈನ್ ಸೀಮೆಗಳಲ್ಲಿ ಕಲ್ಲಿನ ಹಾಳೆಗಳ ಹೊದಿಕೆ: ಸೂರಿನ ಬಳಿ ದೊಡ್ಡವು, ಮೇಲೆ ಹೋದಂತೆ ಚಿಕ್ಕವು. ಬ್ರಾಡ್‌ಫರ್ಡ್-ಆನ್-ಏವನ್‌ನ ಹದಿನಾಲ್ಕನೆಯ ಶತಮಾನದ ಬಾರ್ನ್ ಹೊತ್ತಿರುವ ಕಲ್ಲು ಸುಮಾರು 100 ಟನ್. ಹಾಳೆ ಒಡೆದು ಮಾಡು ಸೋರುವುದು ಕಡಿಮೆ. ಅದನ್ನು ತೂಗುಹಾಕಿದ ಗೂಟ ಕೊಳೆತು ಅಥವಾ ಮೊಳೆ ತುಕ್ಕು ಹಿಡಿದು ಹಾಳೆ ಜಾರುತ್ತದೆ. ಮಾಡು ಬಿಚ್ಚಿದಾಗ ಹಳೆಯ ಹಾಳೆಗಳನ್ನು ಅಳತೆವಾರು ಜೋಡಿಸಿಟ್ಟು ಮರಳಿ ಹಾಕಬೇಕು. ಕಡಿಮೆ ಬಿದ್ದದ್ದನ್ನು ಇನ್ನೊಂದು ಹಳೆಯ ಮಾಡಿನಿಂದ ಕೊಂಡು ತಂದರೆ ಒಂದನ್ನು ಉಳಿಸಲು ಇನ್ನೊಂದನ್ನು ಬೋಳಿಸಿದಂತೆ. ಅದಕ್ಕೇ ಸ್ಥಳೀಯ ಕ್ವಾರಿಗಳು ಬೇಕು.

ಖಾಲಿಯಾದದ್ದು ಹೇಗೆ

1786ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕಲ್ ಒಕ್ಕುವ ಯಂತ್ರ ಮಾಡಿದರು. ನಾರ್ತಂಬರ್‌ಲೆಂಡ್, ಡರಮ್ ಕಡೆ ಬಾರ್ನಿನ ಬೆನ್ನಿಗೆ ಅಂಟಿದ ದುಂಡನೆಯ ಮಾಡುಗಳು ಆ ಯಂತ್ರವನ್ನು ತಿರುಗಿಸುವ ಕುದುರೆಗಳು ಸುತ್ತುತ್ತಿದ್ದ ಜಾಗ. ಚಳಿಗಾಲದ ಬಡಿಯುವ ಕೂಲಿ ಕಳೆದುಕೊಂಡವರು 1830ರಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ದಂಗೆಯೆದ್ದು ಒಕ್ಕುವ ಯಂತ್ರಗಳನ್ನು ಪುಡಿಗಟ್ಟಿದರು. ಮುಂದೆ ಉಗಿಯಂತ್ರ, ಎರಡನೆಯ ಮಹಾಯುದ್ಧದ ನಂತರ ಕೊಯ್ದು ಒಕ್ಕುವ ಕಂಬೈನ್ ಯಂತ್ರ ಬಂದು ಕಣದ ಕೆಲಸ ಹೊಲಕ್ಕೇ ಹೋಯಿತು. ಇಂದಿನ ಟ್ರ್ಯಾಕ್ಟರ್ ಹಳೆಯ ಬಾಗಿಲಲ್ಲಿ ಹಿಡಿಸದು. ಹಕ್ಕಿ ಹೋಗದ ಕಾಳುಮನೆ ಬೇಕೆನ್ನುವ ಖರೀದಿದಾರರಿಗೆ ಸೀಳುಗಂಡಿಯ ಗೋಡೆ ಒಗ್ಗದು.

ಹಾಗಾಗಿ ಹೊಸ ಬಳಕೆ ಬೇಕೇ ಬೇಕು, ಆ ಬಗ್ಗೆ ತಕರಾರಿಲ್ಲ. ತಕರಾರಿರುವುದು ಕ್ಲಾಸ್ ಕ್ಯೂ ತೂಗುವ ತಕ್ಕಡಿಯ ಬಗ್ಗೆ. ಸ್ಥಳೀಯ ಆಡಳಿತಕ್ಕೆ 56 ದಿನ ಕಾಲಾವಕಾಶ. ಅದು ನೋಡಬಹುದಾದದ್ದು ಸಂಚಾರ, ಸದ್ದು, ಮಣ್ಣಿನ ಮಾಲಿನ್ಯ, ನೆರೆ, ಸ್ಥಳ, ಹೊರನೋಟ ಮತ್ತು ವಾಸದ ಕೋಣೆಗಳಿಗೆ ಸಹಜ ಬೆಳಕು. ಒಳಗಿನ ಖಾಲಿ ಜಾಗ, ಚೌಕಟ್ಟು, ಕಣ ಇವು ಆ ಪಟ್ಟಿಯಲ್ಲಿಲ್ಲ. ಬೆಳಕಿನ ಷರತ್ತು ತನ್ನಷ್ಟಕ್ಕೆ ನ್ಯಾಯವಾದದ್ದೇ. ಆದರೆ ಕಿಟಕಿಯಿಲ್ಲದ ಕಟ್ಟಡವನ್ನು ಎರಡು ಮನೆ ಮಾಡಿ, ಮನೆಗೆ ಮೂರು ಮಲಗುವ ಕೋಣೆ ಹಾಕಿದರೆ ಆರು ಕೋಣೆಗೂ ಕಿಟಕಿ ತೆರೆಯಬೇಕು. ಗೋಡೆಯಲ್ಲಿ ಒಂದಿಷ್ಟು, ಉಳಿದವು ಮಾಡಿನಲ್ಲಿ. ಮನೆಗಳ ಸಂಖ್ಯೆಯೇ ಕಿಟಕಿಗಳ ಸಂಖ್ಯೆಯನ್ನು ನಿರ್ಧರಿಸುತ್ತದೆ. ಹೊರನೋಟವನ್ನು ಪ್ರತ್ಯೇಕವಾಗಿ ಪರಿಶೀಲಿಸಿ ಇದನ್ನು ಸರಿಪಡಿಸಲಾಗದು.

ಅಟ್ಟ ಹಾಕಿದ ಮೇಲೆ ಅಡ್ಡತೊಲೆ ದಾರಿಗೆ ಅಡ್ಡ ಬರುತ್ತದೆ, ಮೊಣಕಾಲಿಗೋ ಎದೆಗೋ. ಅದನ್ನು ಕತ್ತರಿಸಿ ಬಾಗಿಲು ಮಾಡಿದ ಬಾರ್ನ್‌ಗಳಿವೆ. ಹಿಡಿತ ತಪ್ಪಿದ ಗೋಡೆಯ ತಲೆ ಹೊರಕ್ಕೆ ವಾಲುತ್ತ, ಮಾಡಿನ ನೆತ್ತಿ ನಡುವಿನಲ್ಲಿ ಬಾಗುತ್ತದೆ. ತೊಲೆಯನ್ನು ಮುಟ್ಟದೆ, ಕೋಣೆಗಳನ್ನು ಅಂಕಣದ ಗೆರೆಗೆ ಹೊಂದಿಸುವುದೊಂದೇ ಸರಿಯಾದ ದಾರಿ.

ಚಳಿ ತಡೆಯುವ ಪದರದಲ್ಲಿಯೂ ಇಂಥದೇ ತಪ್ಪು ಕಾದಿರುತ್ತದೆ. ಜಂತೆಗಳ ನಡುವೆ ಆವಿ ಬಿಡದ ಫೋಮ್ ತುರುಕಿದರೆ ಅಡುಗೆ, ಸ್ನಾನದ ಆವಿ ತಣ್ಣನೆಯ ಮರಕ್ಕೆ ತಾಗಿ ನೀರಾಗುತ್ತದೆ. ಮರದ ನಾರಿನ ಹಲಗೆಯನ್ನು ಜಂತೆಗಳ ಮೇಲೆ ಹಾಸಿದರೆ ಚೌಕಟ್ಟು ಬೆಚ್ಚಗೆ, ಒಣಗಿ ಇರುತ್ತದೆ. ಒಳಗಿನಿಂದ ಕಾಣಿಸುತ್ತದೆ ಕೂಡ. ಮಾಡು ಆ ಪದರದಷ್ಟು ಏರುತ್ತದೆ, ಸೂರಿನ ಅಂಚನ್ನು ಜಾಣತನದಿಂದ ತೀರಿಸಬೇಕು. ಹೊರಮೈ 0.2 ಮೀಟರ್‌ವರೆಗೆ ಚಾಚಲು 2024ರ ತಿದ್ದುಪಡಿ ಅವಕಾಶ ಕೊಟ್ಟಿರುವುದು ಇಲ್ಲಿ ನಿಜವಾಗಿಯೂ ಉಪಕಾರ.

ಬಾವಲಿಗಳ ವಿಷಯವನ್ನು ಅನೇಕರು ಕೊನೆಗೆ ನೋಡುತ್ತಾರೆ, ಅದು ಮೊದಲಿನದು. ಇಂಗ್ಲೆಂಡಿನ ಎಲ್ಲ ಬಾವಲಿ ಜಾತಿಗಳಿಗೂ ಅವುಗಳ ನೆಲೆಗಳಿಗೂ ಕಾನೂನಿನ ರಕ್ಷಣೆಯಿದೆ. ಸಂಜೆ ಹೊರಬರುವ ಬಾವಲಿಗಳನ್ನು ಎಣಿಸುವ ಸಮೀಕ್ಷೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಸಾಧ್ಯ. ಅಕ್ಟೋಬರಿನಲ್ಲಿ ನೆನಪಾದರೆ ಒಂದು ವರ್ಷ ಹೋಯಿತು. ನೆಲೆ ಉಳಿಸಿಕೊಂಡ ಮಾಡಿನಲ್ಲಿ ಆವಿ ಬಿಡುವ ಹೊಸ ಬಗೆಯ ನೂಲುಹಾಳೆ ಹಾಕಬಾರದು. ಬಾವಲಿಯ ಉಗುರಿಗೆ ಅದರ ಎಳೆಗಳು ಕಿತ್ತುಬರುತ್ತವೆ, ಬಾವಲಿ ಅದೇ ಎಳೆಗೆ ಸಿಕ್ಕಿ ಸಾಯುತ್ತದೆ. ಹಳೆಯ ಡಾಂಬರು ಫೆಲ್ಟ್ ಅಲ್ಲಿ ಸುರಕ್ಷಿತ.

ತೆರಿಗೆಯ ಲೆಕ್ಕವೂ ಪರಿವರ್ತನೆಯ ಕಡೆಗೇ ವಾಲಿದೆ. ಬಾರ್ನಿನ ದುರಸ್ತಿಗೆ ವ್ಯಾಟ್ 20%. ವಾಸವಿಲ್ಲದ ಕಟ್ಟಡವನ್ನು ಮನೆ ಮಾಡುವ ಕೆಲಸಕ್ಕೆ 5%. ವ್ಯಾಟ್ ನೋಂದಣಿಯಿರುವ ರೈತ ದುರಸ್ತಿಯ ತೆರಿಗೆಯನ್ನು ಮರಳಿ ಪಡೆಯಬಹುದು. ಬೇಸಾಯ ಬಿಟ್ಟು ಕಟ್ಟಡವನ್ನಷ್ಟೇ ಉಳಿಸಿಕೊಂಡವರಿಗೆ ಆ ದಾರಿಯಿಲ್ಲ. ಬಾರ್ನನ್ನು ಬಾರ್ನಾಗಿಯೇ ಉಳಿಸಲು ಹೊರಟವರು ಹೆಚ್ಚು ತೆರುತ್ತಾರೆ.

ಖಾಲಿ ಜಾಗವನ್ನು ಖಾಲಿಯಾಗಿಯೇ ಬಳಸುವ ದಾರಿಗಳಿವೆ. ಕ್ಲಾಸ್ ಆರ್ ಎಂಬ ನಿಯಮದಡಿ ಕಾರ್ಯಾಗಾರ, ಗೋದಾಮು, ಅಂಗಡಿ ಮಾಡಬಹುದು, ಈಗ 1,000 ಚದರ ಮೀಟರ್‌ವರೆಗೆ. ಬಡಗಿಯ ಕಾರ್ಖಾನೆಗೆ ಮಲಗುವ ಕೋಣೆ ಬೇಡ, ಆರು ಕಿಟಕಿ ಬೇಡ. ಗಾಡಿಬಾಗಿಲು ತೆರೆದರೆ ಬೆಳಕು ಬಂತು. ಮನೆಯೇ ಬೇಕೆಂದರೆ ಕ್ಲಾಸ್ ಕ್ಯೂ ಬಿಟ್ಟು ಪೂರ್ಣ ಅನುಮತಿ ಕೇಳುವುದು ಮೇಲು. ಆಗ ಕಣವನ್ನು ತೆರೆದ ಕೋಣೆಯಾಗಿಟ್ಟು, ಗಾಡಿಬಾಗಿಲಿನ ಗಾಜನ್ನು ಗೋಡೆಯಿಂದ ಒಳಕ್ಕೆ ಸರಿಸಿ, ಹಳೆಯ ಮರದ ಬಾಗಿಲುಗಳನ್ನು ಹೊರಗೆ ತೂಗಿಸಿ, ಮಲಗುವ ಕೋಣೆಗಳನ್ನು ಒಂದು ತುದಿಗೆ ಸೇರಿಸಬಹುದು. 1900ಕ್ಕೆ ಮುಂಚಿನ ಬಾರ್ನ್‌ಗಳಲ್ಲಿ ಕಣದ ವಿಸ್ತೀರ್ಣವನ್ನು 150ರ ಲೆಕ್ಕದಿಂದ ಹೊರಗಿಟ್ಟರೆ ಕ್ಲಾಸ್ ಕ್ಯೂ ಕೂಡ ಇದಕ್ಕೆ ಒಗ್ಗೀತು. ಒಂದೇ ವಾಕ್ಯದ ತಿದ್ದುಪಡಿ ಸಾಕು.

ಕೆಲವು ಕಟ್ಟಡಗಳಿಗೆ ಯಾವ ಪರಿವರ್ತನೆಯೂ ಸಲ್ಲದು. ಯಾರ್ಕ್‌ಶೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಸುಮಾರು 6,000 ಸಾಂಪ್ರದಾಯಿಕ ಕೃಷಿ ಕಟ್ಟಡಗಳಿವೆ. ಸ್ವೇಲ್‌ಡೇಲ್‌ನ ಮ್ಯೂಕರ್ ಸುತ್ತ ಹುಲ್ಲುಗಾವಲಿಗೊಂದು ಬಾರ್ನ್: ಕೆಳಗೆ ಕೆಲವೇ ದನ, ಮೇಲೆ ಆ ಗಾವಲಿನದೇ ಹುಲ್ಲು, ಗೊಬ್ಬರ ಮರಳಿ ಅದೇ ನೆಲಕ್ಕೆ. ರಸ್ತೆಯಿಲ್ಲ, ವಿದ್ಯುತ್ತಿಲ್ಲ. ಅಲ್ಲಿಗೆ ರಸ್ತೆ, ಕಂಬ, ಕಾರು ನಿಲ್ಲಿಸುವ ಜಾಗ ಎಳೆದರೆ ಬಾರ್ನ್ ಉಳಿದು ಕಣಿವೆ ಹೋಗುತ್ತದೆ. 2018ರಲ್ಲಿ ಆರಂಭವಾದ ಪ್ರಾಯೋಗಿಕ ಯೋಜನೆಯೊಂದು ಈ ಉದ್ಯಾನವೂ ಸೇರಿ ಐದು ರಾಷ್ಟ್ರೀಯ ಉದ್ಯಾನಗಳಲ್ಲಿ ಇಂಥ ಕಟ್ಟಡಗಳ ದುರಸ್ತಿ ವೆಚ್ಚದ 80%ವರೆಗೆ ಕೊಟ್ಟಿತು. ಕೃಷಿ ಬಳಕೆಯಲ್ಲೇ ಇರಲಿ, ಮಳೆ ಒಳಗೆ ಬಾರದಿರಲಿ ಎಂಬುದಷ್ಟೇ ಗುರಿ. ಈ ಬಗೆಯ ಹಣ ಪ್ರಯೋಗವಾಗಿ ಬಂದು ಹೋಗುವುದಕ್ಕಿಂತ ಕಾಯಂ ಆಗಬೇಕು.

ಹಣ ಬರುವವರೆಗೆ ಮಾಲೀಕರು ಮಾಡಬಹುದಾದದ್ದೂ ಇದೆ. ಬಾರ್ನ್ ನೋಡಲು ಜೋರು ಮಳೆಯ ದಿನವೇ ಹೋಗಬೇಕು. ಬಾಗಿಲು ಮುಚ್ಚಿ ಕಣದಲ್ಲಿ ನಿಂತರೆ ಹಾಳೆ ಜಾರಿದಲ್ಲೆಲ್ಲ ಬೆಳಕಿನ ಚುಕ್ಕಿ, ಅದರಡಿಯ ಜಂತೆಯಲ್ಲಿ ಒದ್ದೆ ಗುರುತು ಕಾಣುತ್ತದೆ. ಹೊರಗೆ ಬಂದು ಸೂರಿನ ನೀರು ಎಲ್ಲಿ ಬೀಳುತ್ತದೆ, ಬಿದ್ದದ್ದು ಗೋಡೆಯ ಕಡೆಗೆ ಹರಿಯುತ್ತದೋ ಆಚೆಗೋ ಎಂದು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಬೇಕು. ಹಾಳೆ ಮರಳಿ ಕೂರಿಸುವುದು, ಸೂರಿನ ನೀರು ಹರಿಯುವ ದೋಣಿಯಲ್ಲಿ ತುಂಬಿದ ಎಲೆ ತೆಗೆಯುವುದು, ಬುಡದ ಮಣ್ಣು ಇಳಿಸುವುದು, ಈ ಕ್ರಮದಲ್ಲಿ ಮಾಡಿದರೆ ಮುಂದಿನ ಚಳಿಗಾಲಕ್ಕೆ ಅಡ್ಡತೊಲೆಯ ತುದಿಗಳು ಒಣಗಿರುತ್ತವೆ.